ಪೇಟಿ, ಕೌದಿ, ಎಂಟು ಟ್ರ್ಯಾಕು: ಬೆಳಗಾವಿ ಸೀಮೆಯ ಮನೆ ರೆಕಾರ್ಡಿಂಗ್ ಕತೆ

ಇವತ್ತಿನ ಕಂತು ಒಂದು ಯಂತ್ರದ ಬಗ್ಗೆ. ಡಿಜಿಟಲ್ ಮಲ್ಟಿಟ್ರ್ಯಾಕ್ ರೆಕಾರ್ಡರ್ ಅಂತಾರೆ ಅದಕ್ಕೆ. ರೊಟ್ಟಿ ಬಡಿಯೋ ಹಲಗೆಯಷ್ಟು ಅಗಲ, ಮೇಲೆ ಸಾಲಾಗಿ ಜಾರುಗುಂಡಿಗಳು, ಹಿಂದೆ ಮೈಕ್ ಸಿಕ್ಕಿಸೋ ತೂತುಗಳು. ಬೆಳಗಾವಿ, ಖಾನಾಪುರದ ಕಡೆ ಸಂಗೀತ ಇರೋ ಎಷ್ಟೋ ಮನೆಗಳಲ್ಲಿ ಇದು ಈಗ ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿದೆ. ಫೋನ್ ಬಂತು, ಲ್ಯಾಪ್‌ಟಾಪ್ ಬಂತು, ಇದನ್ನ ಯಾರು ಕೇಳ್ತಾರೆ? ಆದರೆ ಈ ಸೀಮೆಯ ಹಾಡುಗಾರರು ತಮ್ಮ ಧ್ವನಿಯನ್ನು ತಮ್ಮ ಮನೆಯಲ್ಲೇ, ತಮ್ಮ ಹೊತ್ತಿಗೆ, ತಮಗೆ ಬೇಕಾದಷ್ಟು ಉದ್ದ ಹಿಡಿದಿಡೋಕೆ ಆದದ್ದು ಈ ಯಂತ್ರದಿಂದ. ಅದಕ್ಕೂ ಮುಂಚೆ ಸುಮಾರು ನೂರು ವರ್ಷ ಅವರು ಬೇರೆ ಊರಿಗೆ ಹೋಗಬೇಕಿತ್ತು. ಹೋಗಲಾರದವರ ಹಾಡು ಅವರ ಜೊತೆಗೇ ಹೋಯ್ತು.

ಮೊದಲು ಆ ನೂರು ವರ್ಷದ ಲೆಕ್ಕ ನೋಡೋಣ.

ಭಾರತದಲ್ಲಿ ಧ್ವನಿಮುದ್ರಣ ವ್ಯಾಪಾರವಾಗಿ ಶುರುವಾದದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡನ್ನು ತಟ್ಟೆಗೆ ಇಳಿಸಿದ. ಒಂದು ಬದಿಗೆ ಹಿಡಿಯುತ್ತಿದ್ದದ್ದು ಮೂರು ನಿಮಿಷದ ಆಸುಪಾಸು. ಒಂದು ವಿಲಂಬಿತ ಖ್ಯಾಲಿನಲ್ಲಿ ಮೂರು ನಿಮಿಷ ಅಂದರೆ ಇನ್ನೂ ಕೂತ ಜಾಗ ಸರಿಮಾಡಿಕೊಳ್ಳೋ ಹೊತ್ತು! ಆದರೂ ದೊಡ್ಡ ದೊಡ್ಡ ಗವಾಯಿಗಳು ಆ ಮೂರು ನಿಮಿಷಕ್ಕಾಗಿ ಕಲ್ಕತ್ತೆಗೆ, ಮುಂಬೈಗೆ ಹೋದರು. ಬೆಳಗಾವಿಯಿಂದ ಕೂಗಳತೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ಧರಾಮಯ್ಯ ಕೊಂಕಳಿಮಠ, ಅಂದರೆ ನಮ್ಮ ಕುಮಾರ ಗಂಧರ್ವರು, ಇನ್ನೂ ಹುಡುಗನಿದ್ದಾಗಲೇ ಮುಂಬೈಗೆ, ಬಿ.ಆರ್. ದೇವಧರ ಅವರ ಶಾಲೆಗೆ ಹೋದರು. ಮುಂದೆ ದೇವಾಸಕ್ಕೆ. ಸುಳೇಭಾವಿಯ ಧ್ವನಿ ನಮಗೆ ಸಿಕ್ಕಿದ್ದು ಸುಳೇಭಾವಿ ಬಿಟ್ಟು ಹೋದ ಮೇಲೆ. ಇದನ್ನು ದೂರು ಅಂತ ಹೇಳ್ತಾ ಇಲ್ಲ, ಆಗಿನ ದಾರಿಯೇ ಹಾಗಿತ್ತು.

ಆಮೇಲೆ ರೇಡಿಯೊ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಬೆಳಗಾವಿಯಿಂದ ಹತ್ತಿರದ ದಾರಿ. ಬೆಳಿಗ್ಗೆ ಬಸ್ಸು ಹಿಡಿದರೆ ಆಡಿಷನ್ ಮುಗಿಸಿ ರಾತ್ರಿ ಊಟಕ್ಕೆ ಮನೆಗೆ ಬರಬಹುದು. ಇಡೀ ಉತ್ತರ ಕರ್ನಾಟಕಕ್ಕೆ ಅದು ಮಾಡಿದ ಉಪಕಾರ ದೊಡ್ಡದು. ಆದರೆ ಬೆಳಗಾವಿಗೆ ಮಾತ್ರ ಒಂದು ವಿಚಿತ್ರ ತೊಡಕಿತ್ತು. ಬೆಳಗಾವಿ ಅಂದರೆ ಹಾರ್ಮೋನಿಯಂ ಊರು. ನಾವು ಪೇಟಿ ಅಂತೀವಿ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ಪಂಡಿತ ರಾಮಭಾವು ಬಿಜಾಪುರೆ ಬೆಳಗಾವಿಯಲ್ಲಿ ನೆಲೆಸಿ, 1938ರಲ್ಲಿ ಶ್ರೀ ರಾಮ ಸಂಗೀತ ಮಹಾವಿದ್ಯಾಲಯ ತೆರೆದು, 2010ರಲ್ಲಿ ತೀರಿಕೊಳ್ಳುವ ತನಕ ತಲೆಮಾರುಗಳಿಗೆ ಪೇಟಿ ಕಲಿಸಿದರು. ಆದರೆ ಆಕಾಶವಾಣಿ 1940ರಿಂದ ಹಾರ್ಮೋನಿಯಂಗೆ ಬಾಗಿಲು ಹಾಕಿಬಿಟ್ಟಿತ್ತು. ಅದರ ಸ್ವರಗಳು ಗಟ್ಟಿಯಾಗಿ ನಿಂತಿರ್ತವೆ, ಮೀಂಡ್ ಬರಲ್ಲ, ಶ್ರುತಿ ನಮ್ಮ ರಾಗಗಳಿಗೆ ಹೊಂದಲ್ಲ ಅನ್ನೋದು ವಾದ. ದೆಹಲಿ ರೇಡಿಯೊದಲ್ಲಿದ್ದ ಜಾನ್ ಫೌಲ್ಡ್ಸ್ ಅನ್ನೋ ಇಂಗ್ಲಿಷ್ ಸಂಗೀತಗಾರ 1938ರಲ್ಲೇ ಇದರ ವಿರುದ್ಧ ಕಟುವಾಗಿ ಬರೆದಿದ್ದ. 1971ರಲ್ಲಿ ನಿಷೇಧ ಸಡಿಲವಾಯ್ತು, ಅದೂ ಪೂರ್ತಿ ಅಲ್ಲ. ಅಂದರೆ ಧಾರವಾಡ ಕೇಂದ್ರದ ಮೊದಲ ಇಪ್ಪತ್ತೊಂದು ವರ್ಷ ಬೆಳಗಾವಿಯ ಪೇಟಿಗೆ ಅಲ್ಲಿ ಜಾಗವಿರಲಿಲ್ಲ. ಶ್ರುತಿಯ ವಾದದಲ್ಲಿ ಹುರುಳಿದೆ, ಒಪ್ತೀನಿ. ಆದರೆ ಒಂದು ಊರು ಯಾವ ವಾದ್ಯದಲ್ಲಿ ತನ್ನ ಸಂಗೀತವನ್ನು ಕಲಿತಿದೆಯೋ, ಅದನ್ನೇ ಹೊರಗಿಟ್ಟು ಆ ಊರಿನ ಸಂಗೀತ ಮುದ್ರಿಸೋದು ಎಂಥ ಮುದ್ರಣ?

ಮೂರನೆಯದು ಕ್ಯಾಸೆಟ್. 1978ರಲ್ಲಿ ಮೈಸೂರು ಅನಂತಸ್ವಾಮಿ ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಬಂದ ಮೇಲೆ ಕನ್ನಡದಲ್ಲಿ ಭಾವಗೀತೆ ಕ್ಯಾಸೆಟ್‌ಗಳ ಸುಗ್ಗಿಯೇ ಶುರುವಾಯ್ತು. ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ, ಸಂಗ್ಯಾ ಬಾಳ್ಯಾ, ಗೀಗೀ ಪದ, ತತ್ವಪದ ಎಲ್ಲ ಕ್ಯಾಸೆಟ್ಟಾದವು. ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ತೂಗುಹಾಕಿ ಮಾರ್ತಿದ್ದರು. ಆದರೆ ಸ್ಟುಡಿಯೊ ಎಲ್ಲಿತ್ತು? ಕನ್ನಡದ ಚಿತ್ರಗೀತೆಗಳೇ ಬಹುಕಾಲ ಮದ್ರಾಸಿನಲ್ಲಿ ಮುದ್ರಣವಾಗ್ತಿದ್ದವು. ಬೆಂಗಳೂರಿನಲ್ಲಿ ಶಂಕರ್‌ನಾಗ್ ಸಂಕೇತ್ ಸ್ಟುಡಿಯೊ ಕಟ್ಟಿದ್ದು 80ರ ದಶಕದಲ್ಲಿ. ಖಾನಾಪುರದ ಭಜನಾ ಮಂಡಳಿಗೆ ಬೆಂಗಳೂರು ಒಂದು ರಾತ್ರಿಯ ರೈಲು. ಹತ್ತು ಮಂದಿಯ ಟಿಕೆಟ್ಟು, ಪಖವಾಜು, ಪೇಟಿ, ಊಟ, ಮೇಲೆ ಗಂಟೆ ಲೆಕ್ಕದ ಬಾಡಿಗೆ. ಗಂಟೆ ಲೆಕ್ಕ ಅಂದ ಕೂಡಲೇ ಹಾಡುಗಾರನ ಗಂಟಲು ಅರ್ಧ ಕಟ್ಟಿಬಿಡುತ್ತೆ, ಅದನ್ನ ಅನುಭವಿಸಿದವರೇ ಬಲ್ಲರು.

ಹಾಗಂತ ಜನ ಸುಮ್ಮನೆ ಕೂತಿರಲಿಲ್ಲ. ಎರಡು ಟೇಪ್ ರೆಕಾರ್ಡರ್ ಇದ್ದರೆ ಒಂದು ಉಪಾಯ ಇತ್ತು. ಮೊದಲ ಟೇಪಿನಲ್ಲಿ ಪೇಟಿ ನುಡಿಸಿ ತುಂಬೋದು. ಅದನ್ನು ಹಾಕಿ, ಜೊತೆಗೆ ಹಾಡ್ತಾ, ಎರಡನ್ನೂ ಇನ್ನೊಂದು ಟೇಪಿಗೆ ಹಿಡಿಯೋದು. ಆಮೇಲೆ ಅದನ್ನು ಹಾಕಿ ತಬಲಾ ಸೇರಿಸೋದು. ನಾನು ಬೆಳಗಾವಿಯ ಶಹಾಪುರದವನು, ನಮ್ಮ ಓಣಿಯಲ್ಲೇ ಹೀಗೆ ಮಾಡೋರಿದ್ದರು. ಮೂರನೇ ಸಲಕ್ಕೆ ಪೇಟಿ ಬಾವಿಯೊಳಗಿಂದ ಕೇಳಿದ ಹಾಗೆ, ಮೇಲೆ ಸುರ್ ಅನ್ನೋ ಸದ್ದು. ಆದರೂ ಅದು ಮಲ್ಟಿಟ್ರ್ಯಾಕೇ, ಬಡವರ ಮಲ್ಟಿಟ್ರ್ಯಾಕು.

ನಿಜವಾದ ಮಲ್ಟಿಟ್ರ್ಯಾಕ್ ಅಂದರೇನು? ನಮ್ಮ ಹೊಲದ ಅಕ್ಕಡಿ ಸಾಲು ನೆನಪು ಮಾಡಿಕೊಳ್ಳಿ. ಜೋಳದ ನಡುವೆ ತೊಗರಿ ಸಾಲು. ಹೊಲ ಒಂದೇ, ಮಳೆ ಒಂದೇ, ಆದರೆ ಜೋಳ ಕೊಯ್ಯುವಾಗ ತೊಗರಿ ಮುಟ್ಟಬೇಕಾಗಿಲ್ಲ. ಹಾಗೇ ಒಂದೇ ಟೇಪಿನ ಮೇಲೆ ಗಾಯನಕ್ಕೊಂದು ಸಾಲು, ತಬಲಕ್ಕೊಂದು ಸಾಲು. ತಬಲಾ ತಪ್ಪಿದರೆ ತಬಲಾ ಮಾತ್ರ ಮತ್ತೆ ಬಾರಿಸಿದರಾಯ್ತು. 1957ರಲ್ಲಿ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ಮನೆಗೆ ಆಂಪೆಕ್ಸ್ ಕಂಪನಿಯ ಮೊದಲ ಎಂಟು ಟ್ರ್ಯಾಕಿನ ಯಂತ್ರ ಬಂತು, ಆಳೆತ್ತರದ ಬೀರು ಅದು. 1967ರಲ್ಲಿ ಬೀಟಲ್ಸ್ ತಂಡ ‘ಸಾರ್ಜೆಂಟ್ ಪೆಪರ್ಸ್’ ಆಲ್ಬಂ ಮಾಡಿದ್ದು ನಾಲ್ಕು ಟ್ರ್ಯಾಕಿನ ಯಂತ್ರಗಳಲ್ಲಿ. ಮನೆ ಮಟ್ಟಕ್ಕೆ ಇಳಿದದ್ದು 1979ರಲ್ಲಿ, ಟ್ಯಾಸ್ಕಾಮ್ ಕಂಪನಿಯ ಪೋರ್ಟಾಸ್ಟುಡಿಯೊ. ಅದರ ಜಾಣತನ ಕೇಳಿ: ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಎ ಸೈಡಿಗೆ ಎರಡು, ಬಿ ಸೈಡಿಗೆ ಎರಡು, ಒಟ್ಟು ನಾಲ್ಕು ಗೆರೆ ಇರ್ತವೆ. ಇವರು ಸೈಡ್ ತಿರುಗಿಸೋದನ್ನೇ ಬಿಟ್ಟು, ನಾಲ್ಕೂ ಗೆರೆಯನ್ನು ಒಂದೇ ದಿಕ್ಕಿನಲ್ಲಿ, ಎರಡರಷ್ಟು ವೇಗದಲ್ಲಿ ಓಡಿಸಿದರು. 1982ರಲ್ಲಿ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಮನೆಯಲ್ಲಿ ಕೂತು ಇದರಲ್ಲೇ ‘ನೆಬ್ರಾಸ್ಕಾ’ ಹಾಡುಗಳನ್ನು ತುಂಬಿದ. ಮಾದರಿಗಿರಲಿ ಅಂತ ಮಾಡಿದ್ದು. ಸ್ಟುಡಿಯೊದಲ್ಲಿ ತಂಡ ಕಟ್ಟಿ ಮತ್ತೆ ಹಾಡಿದರೆ ಆ ಜೀವ ಬರಲಿಲ್ಲ, ಕೊನೆಗೆ ಮನೆಯ ಕ್ಯಾಸೆಟ್ಟೇ ಆಲ್ಬಂ ಆಯ್ತು.

ಇದೇ ಹೊತ್ತಿಗೆ ನಮ್ಮಲ್ಲೂ ಒಂದು ಕೆಲಸ ಆಗ್ತಿತ್ತು, ಅದನ್ನು ಯಾರೂ ಈ ಇತಿಹಾಸಕ್ಕೆ ಸೇರಿಸಲ್ಲ. 70ರ ದಶಕದ ಕೊನೆಗೆ ಬೆಂಗಳೂರಿನ ಜಿ. ರಾಜನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ರಾಡೆಲ್ ಹೆಸರು ಹಾಡೋರಿಗೆಲ್ಲ ಗೊತ್ತು. ಮುಂದೆ ತಾಳಮಾಲಾ ಅನ್ನೋ ತಬಲಾ ಪೆಟ್ಟಿಗೆಯೂ ಬಂತು. ನನ್ನ ಪ್ರಕಾರ ನಮ್ಮವರ ಕಿವಿಯನ್ನು ಮಲ್ಟಿಟ್ರ್ಯಾಕಿಗೆ ತಯಾರು ಮಾಡಿದ್ದು ಇವೇ. ಮನುಷ್ಯನಿಲ್ಲದ ತಂಬೂರಿಯ ಜೊತೆ, ಮನುಷ್ಯನಿಲ್ಲದ ಠೇಕಾದ ಜೊತೆ ಹಾಡಿ ರೂಢಿಯಾದವರಿಗೆ, ನಿನ್ನೆ ತುಂಬಿದ ಪೇಟಿಯ ಜೊತೆ ಇವತ್ತು ಹಾಡೋದು ಹೊಸದು ಅನ್ನಿಸಲಿಲ್ಲ.

ಡಿಜಿಟಲ್ ಬಂದದ್ದು 90ರ ದಶಕದಲ್ಲಿ. ಅಲೆಸಿಸ್ ಕಂಪನಿಯ ಅಡಾಟ್, ವಿಡಿಯೊ ಕ್ಯಾಸೆಟ್ಟಿನ ಮೇಲೆ ಎಂಟು ಟ್ರ್ಯಾಕು. 1996ರಲ್ಲಿ ರೋಲ್ಯಾಂಡ್‌ನ ವಿಎಸ್-880, ಇದರಲ್ಲಿ ಟೇಪೇ ಇಲ್ಲ, ಹಾರ್ಡ್ ಡಿಸ್ಕ್. ಆಮೇಲೆ ಮೆಮೊರಿ ಕಾರ್ಡಿನ ಯಂತ್ರಗಳು. 2009ರ ಜೂಮ್ ಆರ್-16 ಅಂಥದ್ದು: ಒಂದೇ ಸಲಕ್ಕೆ ಎಂಟು ಮೈಕಿನಿಂದ ತುಂಬಬಹುದು, ಹದಿನಾರು ಟ್ರ್ಯಾಕು ನುಡಿಸಬಹುದು, ಕರೆಂಟ್ ಇಲ್ಲದಿದ್ದರೆ ಆರು ಪೆನ್ಸಿಲ್ ಸೆಲ್ ಸಾಕು. ಲೆಕ್ಕ ಹೇಳ್ತೀನಿ. ಸಿಡಿ ಮಟ್ಟದ ಧ್ವನಿ ಅಂದರೆ ಸೆಕೆಂಡಿಗೆ 44,100 ಸಲ ಅಳತೆ, ಒಂದೊಂದು ಅಳತೆಗೆ ಎರಡು ಬೈಟು. ಒಂದು ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 5.3 ಎಂಬಿ. ಎಂಟು ಟ್ರ್ಯಾಕಿಗೆ 42 ಎಂಬಿ. ಒಂದು ಗಂಟೆಯ ಭಜನೆ ಎರಡೂವರೆ ಜಿಬಿ. 32 ಜಿಬಿಯ ಕಾರ್ಡಿನಲ್ಲಿ ಹನ್ನೆರಡು ಗಂಟೆ. ಮೂರು ನಿಮಿಷದ ತಟ್ಟೆಯಿಂದ ಇಲ್ಲಿಗೆ ಬಂದಿದ್ದೀವಿ ಅನ್ನೋದು ನೆನಪಿರಲಿ.

ಆ ಹೊತ್ತಿಗೆ ಕಂಪ್ಯೂಟರ್ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಆದರೆ ಖಾನಾಪುರ ತಾಲ್ಲೂಕು ನೋಡಿದವರಿಗೆ ಉತ್ತರ ಗೊತ್ತು. ಬೆಳಗಾವಿಯಿಂದ ಖಾನಾಪುರ ಇಪ್ಪತ್ತಾರು ಕಿಲೋಮೀಟರ್ ಅಷ್ಟೇ, ಆದರೆ ಅಲ್ಲಿಂದ ಪಶ್ಚಿಮಕ್ಕೆ ಜಾಂಬೋಟಿ, ಕಣಕುಂಬಿ ಕಡೆ ಹೋಗ್ತಾ ಹೋಗ್ತಾ ಕಾಡು, ಘಟ್ಟ. ಕಣಕುಂಬಿ ಮಲಪ್ರಭೆ ಹುಟ್ಟೋ ಊರು, ಮಳೆ ಸುರಿಯೋಕೆ ಶುರುವಾದರೆ ಗಿಡ ಬಿದ್ದು ತಂತಿ ಹರಿದು ಎರಡು ದಿನ ಕತ್ತಲೆ. ಕಂಪ್ಯೂಟರ್ ಹಾಡಿನ ನಡುವೆ ಕಣ್ಣುಮುಚ್ಚಿತು ಅಂದರೆ ಆ ಹಾಡು ಹೋಯ್ತು. ಜೊತೆಗೆ ಅದರ ಫ್ಯಾನಿನ ಗುಂಯ್. ಇನ್ನೂ ಒಂದು ಕಾರಣವಿದೆ: ಪರದೆ. ಪರದೆ ಇದ್ದರೆ ಎಲ್ಲರೂ ಪರದೆ ನೋಡ್ತಾರೆ. ಈ ಯಂತ್ರದಲ್ಲಿ ಇರೋದು ಬೆರಳುದ್ದದ ಗಾಜು ಮತ್ತು ಒಂದು ಕೆಂಪು ಗುಂಡಿ. ಅರವತ್ತು ದಾಟಿದ ಪಖವಾಜಿನವರೂ ಒಂದೇ ಸಂಜೆಯಲ್ಲಿ ಅದನ್ನು ಕಲಿತದ್ದನ್ನು ನೋಡಿದ್ದೀನಿ.

ಮನೆ ಸ್ಟುಡಿಯೊ ಆಗೋದು ಹೇಗೆ ಅನ್ನೋದು ಬೇರೆಯೇ ಕಲೆ. ಆರ್‌ಸಿಸಿ ಮನೆಯ ಬರಿ ಗೋಡೆ ಶಬ್ದವನ್ನು ಚೆಂಡಿನ ಹಾಗೆ ವಾಪಸ್ ಎಸೆಯುತ್ತೆ. ಅದಕ್ಕೆ ನಮ್ಮಲ್ಲಿ ಮದ್ದು ಸಿದ್ಧವಿತ್ತು, ಕೌದಿ. ಹಳೇ ಸೀರೆಗಳನ್ನು ಪದರ ಪದರ ಸೇರಿಸಿ ಅಜ್ಜಿಯರು ಹೊಲಿದ ಕೌದಿಗಿಂತ ಒಳ್ಳೆ ಸೌಂಡ್‌ಪ್ರೂಫಿಂಗ್ ನಾನು ಕಾಣೆ. ನಾಲ್ಕು ಕೌದಿ ಹಗ್ಗಕ್ಕೆ ಇಳಿಬಿಟ್ಟರೆ ಗಾಯಕನಿಗೆ ಒಂದು ಕೋಣೆ. ಹಳ್ಳಿಯ ಮಣ್ಣುಗೋಡೆ, ಸೆಗಣಿ ನೆಲದ ಮನೆಗೆ ಅದೂ ಬೇಡ, ಪೇಟಿ ಅಲ್ಲಿ ತಾನೇ ಮೃದುವಾಗುತ್ತೆ. ಸಮಸ್ಯೆ ಇರೋದು ಹಂಚಿನಲ್ಲಿ. ಖಾನಾಪುರದ ಜೇಡಿಮಣ್ಣು ಹೆಸರಾದದ್ದು, ಮಡಕೆ, ಹಂಚು ಎರಡಕ್ಕೂ. ಆ ಹಂಚಿನ ಮೇಲೆ ಆಷಾಢದ ಮಳೆ ಬಿದ್ದರೆ ಯಾವ ಮೈಕಿಗೂ ಬೇರೇನೂ ಕೇಳಿಸಲ್ಲ. ಭಜನೆಯ ಋತು ಅದೇ, ರೆಕಾರ್ಡಿಂಗ್ ಆಗದ ಋತುವೂ ಅದೇ. ಬೆಳಗಾವಿ ಊರೊಳಗೆ ಮಳೆ ಅಲ್ಲ, ಪ್ರೆಷರ್ ಕುಕ್ಕರ್ರು. ರಾತ್ರಿ ಹನ್ನೊಂದರ ಮೇಲೆ ಕೆಂಪು ಗುಂಡಿ ಒತ್ತೋದು ವಾಡಿಕೆ.

ಈಗ ಸಂಗೀತಕ್ಕೆ ಏನಾಯ್ತು ಅನ್ನೋ ಮಾತಿಗೆ ಬರೋಣ. ಎಲ್ಲವೂ ಲಾಭವೇ ಅಂತ ನಾನು ಹೇಳಲಾರೆ.

ಪಾಶ್ಚಾತ್ಯ ರೀತಿಯಲ್ಲಿ ಮೊದಲು ತಾಳ ತುಂಬಬೇಕು, ಅದಕ್ಕೂ ಮೊದಲು ಕಿವಿಯಲ್ಲಿ ಟಿಕ್ ಟಿಕ್ ಅನ್ನೋ ಕ್ಲಿಕ್. ಅದರ ಮೇಲೆ ಉಳಿದವರು ಬಂದು ಕೂರಬೇಕು. ನಮ್ಮಲ್ಲಿ ತಬಲಾ ಗಾಯಕನ ಹಿಂದೆ ನಡೆಯುತ್ತೆ. ಗಾಯಕ ಸಮ್ಮಿಗೆ ಬರುವ ಮುಂಚೆ ಒಂದು ಎಳೆ ಹೆಚ್ಚು ಎಳೆದರೆ ತಬಲಾ ಉಸಿರು ಹಿಡಿದು ಕಾಯುತ್ತೆ. ಭಜನೆಯಲ್ಲಂತೂ ನಿಧಾನವಾಗಿ ಶುರುವಾಗಿ, ಏರಿ ಏರಿ, ಕೊನೆಗೆ ಗಜರಕ್ಕೆ ಬರುವಾಗ ವೇಗ ಎರಡು ಪಟ್ಟು ಆಗಿರುತ್ತೆ. ಅದನ್ನು ಕ್ಲಿಕ್ಕಿಗೆ ಕಟ್ಟಿದರೆ ಭಜನೆ ಉಳಿಯಲ್ಲ. ಮೊದಮೊದಲು ಮನೆಗಳಲ್ಲಿ ತಾಳಮಾಲಾ ಠೇಕಾ ತುಂಬಿ, ಅದರ ಮೇಲೆ ಹಾಡಿ, ತಿದ್ದಿ ತೀಡಿ ಮಾಡಿದ ಹಾಡುಗಳನ್ನು ಈಗ ಕೇಳಿದರೆ ಇಸ್ತ್ರಿ ಹಾಕಿದ ಬಟ್ಟೆ ಥರ, ಒಳಗೆ ಆಳು ಇಲ್ಲ. ಪಂಚ್-ಇನ್ ಅಂತ ಒಂದು ಸೌಕರ್ಯ ಇದೆ. ತಪ್ಪಿದ ಒಂದು ಸಾಲನ್ನಷ್ಟೇ ಕತ್ತರಿಸಿ ಹೊಸದಾಗಿ ಹಾಡಿ ಕೂರಿಸೋದು. ಅದು ಹತ್ತಿರ ಇದ್ದರೆ ಚಟ ಹತ್ತುತ್ತೆ.

ಕ್ರಮೇಣ ಇಲ್ಲಿಯವರು ತಮ್ಮದೇ ದಾರಿ ಕಂಡುಕೊಂಡರು. ಮೊದಲು ತಂಬೂರಿ, ಗಾಯನ, ಪೇಟಿ ಮೂರನ್ನೂ ಒಟ್ಟಿಗೆ ತುಂಬಿ, ಆಮೇಲೆ ತಬಲಾ. ಇಲ್ಲವೇ ಎಲ್ಲರೂ ಒಟ್ಟಿಗೆ ಕೂತು ಎಂಟು ಮೈಕಿನಲ್ಲಿ ಒಂದೇ ಸಲಕ್ಕೆ. ಪೇಟಿಯ ಸ್ವರ ಬದಲಾಗಲ್ಲವಾದ್ದರಿಂದ ಯಾವತ್ತೂ ಅದೇ ಆಧಾರ. ‘ಕರಿ ಎರಡು’ ಅಂದರೆ ಕರಿ ಎರಡು, ತಬಲಾ ಅದಕ್ಕೆ ಸೇರಬೇಕು. ರೇಡಿಯೊ ಯಾವ ಗುಣವನ್ನು ದೋಷ ಅಂದಿತ್ತೋ ಅದೇ ಇಲ್ಲಿ ಉಪಕಾರಕ್ಕೆ ಬಂತು, ಇದು ನನಗೆ ಯಾವಾಗಲೂ ನಗು ತರಿಸುವ ವಿಷಯ.

ಒಂದು ಮಂಡಳಿಯ ಕತೆ ಹೇಳಬೇಕು. ಖಾನಾಪುರ–ಜಾಂಬೋಟಿ ದಾರಿಯ ಒಂದು ಹಳ್ಳಿ. ಒಂದೇ ಕೂಟದಲ್ಲಿ ಮರಾಠಿ ಅಭಂಗವೂ ಆಗುತ್ತೆ, ದಾಸರ ಪದವೂ ಆಗುತ್ತೆ, ಶರೀಫರ ತತ್ವಪದವೂ ಆಗುತ್ತೆ. ಗಡಿ ಅಂತ ನಾವು ಊರೊಳಗೆ ಕೂಗಾಡೋದು ಅಲ್ಲಿ ಪೇಟಿಯ ಮುಂದೆ ಕೂತಾಗ ಕೇಳಿಸಲ್ಲ. 2011ರ ಚಳಿಗಾಲದಲ್ಲಿ, ಮಳೆ ನಿಂತ ಮೇಲೆ, ನಾನು ಯಂತ್ರ ತಗೊಂಡು ಹೋಗಿ ಎರಡು ರಾತ್ರಿ ಅವರನ್ನು ತುಂಬಿದೆ. ಒಂದನೇ ಟ್ರ್ಯಾಕು ಮುಖ್ಯ ಗಾಯಕರು, ಎರಡು ಜೊತೆಯವರು, ಮೂರು ಪೇಟಿ, ನಾಲ್ಕು-ಐದು ಪಖವಾಜಿನ ಎರಡು ಮುಖ, ಆರು ತಾಳ, ಏಳು ಹಿಂದೆ ಕೂತ ಗುಂಪು. ಎಂಟನೇದು ಖಾಲಿ ಇತ್ತು. ಇರಲಿ ಅಂತ ಬಾಗಿಲ ಹತ್ತಿರ ಒಂದು ಮೈಕ್ ಇಟ್ಟೆ.

ಪೇಟಿಯವರು 2019ರಲ್ಲಿ ತೀರಿಕೊಂಡರು. ಅವರ ಹತ್ತಿರ ಯಾರೂ ಪೂರ್ತಿ ಕಲಿತಿರಲಿಲ್ಲ. ಅವರ ಮೊಮ್ಮಗ, ಬೆಳಗಾವಿಯಲ್ಲಿ ಕಾಲೇಜಿಗೆ ಬರ್ತಿದ್ದ ಹುಡುಗ, ನನ್ನ ಹತ್ತಿರ ಬಂದು ಮೂರನೇ ಟ್ರ್ಯಾಕು ಮಾತ್ರ ಬೇರೆ ಮಾಡಿ ಕೊಡಿ ಅಂದ. ಕೊಟ್ಟೆ. ಎಲ್ಲರೂ ಒಟ್ಟಿಗೆ ಕೂತು ತುಂಬಿದ್ದರಿಂದ ಮೂರನೇ ಟ್ರ್ಯಾಕಿನಲ್ಲಿ ಬರೀ ಪೇಟಿ ಇಲ್ಲ. ಪಕ್ಕದ ಪಖವಾಜು ಸಣ್ಣಗೆ ಸೋರಿದೆ, ಗಾಯನ ದೂರದಲ್ಲಿದೆ. ರೆಕಾರ್ಡಿಂಗ್ ಪುಸ್ತಕಗಳು ಇದನ್ನು ದೋಷ ಅಂತವೆ. ಆದರೆ ಹುಡುಗ ಕಲಿತದ್ದು ಆ ಸೋರಿಕೆಯಿಂದಲೇ. ಗಾಯಕರು ಉಸಿರು ತಗೊಂಡಾಗ ಅಜ್ಜ ಯಾವ ಸ್ವರ ಹಿಡಿದು ನಿಲ್ತಿದ್ದರು, ಪಖವಾಜು ಏರಿದಾಗ ಎಲ್ಲಿ ಬೆರಳು ಹಗುರ ಮಾಡ್ತಿದ್ದರು ಅನ್ನೋದು ಬೇರೆಯವರ ಧ್ವನಿ ಕೇಳಿದ್ದಕ್ಕೇ ತಿಳಿಯಿತು. ಈಗ ಏಕಾದಶಿಗೆ ಅವನೇ ಪೇಟಿಗೆ ಕೂರ್ತಾನೆ. ಕೆಲವು ತಿಂಗಳು ಮಂಡಳಿಯವರು ಸ್ಪೀಕರಿನಲ್ಲಿ ಆ ಟ್ರ್ಯಾಕು ಹಾಕಿಕೊಂಡೇ ಹಾಡ್ತಿದ್ದರಂತೆ. ಹಿರಿಯರೊಬ್ಬರು ‘ಸತ್ತವರನ್ನ ಹಿಂಗ ದುಡಿಸಬ್ಯಾಡ್ರಿ’ ಅಂದ ಮೇಲೆ ನಿಲ್ಲಿಸಿದರು. ಅವರ ಮಾತೂ ಸರಿಯೇ ಅನ್ನಿಸ್ತು ನನಗೆ.

ಈ ಕಡತಗಳು ಸಿಕ್ಕಿದ್ದು ಅದೃಷ್ಟ, ಯಾಕಂದ್ರೆ ಯಂತ್ರ ಅವನ್ನು ಸಾಮಾನ್ಯ ವೇವ್ ಕಡತವಾಗಿ ಬರೆದಿತ್ತು. ಯಾವ ಕಂಪ್ಯೂಟರ್ ಆದರೂ ತೆರೆಯುತ್ತೆ. ಎಲ್ಲ ಯಂತ್ರಗಳೂ ಹಾಗಲ್ಲ. ನಾನು ಹೇಳಿದ ವಿಎಸ್-880 ತನ್ನದೇ ರೀತಿಯಲ್ಲಿ ಧ್ವನಿಯನ್ನು ಕುಗ್ಗಿಸಿ ಬರೆಯುತ್ತೆ. ಅದರ ಡಿಸ್ಕ್ ತೆಗೆದು ಕಂಪ್ಯೂಟರಿಗೆ ಸಿಕ್ಕಿಸಿದರೆ ನೇರವಾಗಿ ಓದೋಕಾಗಲ್ಲ. ಯಂತ್ರ ಇನ್ನೂ ಉಸಿರಾಡ್ತಿರುವಾಗಲೇ ಅದರಲ್ಲೇ ನುಡಿಸಿ, ಎರಡೆರಡು ಟ್ರ್ಯಾಕಿನ ಹಾಗೆ ಹೊರಗೆ ತೆಗೀಬೇಕು. ಒಂದು ಗಂಟೆಯ ಎಂಟು ಟ್ರ್ಯಾಕಿಗೆ ನಾಲ್ಕು ಗಂಟೆ. 1985ರ ಕ್ಯಾಸೆಟ್ಟು ಟ್ರಂಕಿನಲ್ಲಿ ಬೂಷ್ಟು ಹಿಡಿದರೂ ಇವತ್ತು ಏನೋ ಒಂದು ಹಾಡುತ್ತೆ. ಅದಕ್ಕಿಂತ ಹತ್ತಿಪ್ಪತ್ತು ವರ್ಷ ಹೊಸದಾದ ಡಿಸ್ಕು ಪೂರ್ತಿ ಮೂಕ. ಖಾನಾಪುರದ ಗಾಳಿಯ ತೇವಕ್ಕೆ ಯಂತ್ರದ ಗುಂಡಿಗಳು ತುಕ್ಕು ಹಿಡಿದು ಎರಡು ಮಳೆಗಾಲಕ್ಕೇ ಮೊಂಡು ಬೀಳ್ತವೆ. ಹಾಗಾಗಿ ನಿಮ್ಮ ಮನೆಯಲ್ಲಿ ಇಂಥ ಯಂತ್ರ ಇದ್ದರೆ ಗುಜರಿಗೆ ಹಾಕೋ ಮುಂಚೆ ಅದರ ಹೊಟ್ಟೆಯಲ್ಲಿ ಕಾರ್ಡ್ ಇದೆಯಾ ನೋಡಿ. ಹಾಡಿನ ಹೆಸರು ಇರಲ್ಲ, ಯಂತ್ರ ಬರೀ ಅಂಕಿ ಕೊಟ್ಟಿರುತ್ತೆ. ತಯಾರಾದ ಸ್ಟೀರಿಯೊ ಹಾಡನ್ನಷ್ಟೇ ಉಳಿಸಿ ಬಿಡಿ ಟ್ರ್ಯಾಕುಗಳನ್ನು ಅಳಿಸಬೇಡಿ. 2020ರ ಲಾಕ್‌ಡೌನ್‌ನಲ್ಲಿ ಮನೆಮನೆಯಿಂದ ಒಬ್ಬೊಬ್ಬರು ಹಾಡಿ ಜೋಡಿಸಿದ ವಿಡಿಯೊಗಳು ಬಂದವಲ್ಲ, ಅವುಗಳ ಬಿಡಿ ಕಡತಗಳಿಗೂ ಇದೇ ಮಾತು.

ಪೇಟಿಯ ಟ್ರ್ಯಾಕು ಕೊಟ್ಟ ಮೇಲೆ ನಾನು ಉಳಿದವನ್ನೂ ಒಂದೊಂದಾಗಿ ಕೇಳ್ತಾ ಹೋದೆ. ಎಂಟನೇದನ್ನು ಅವತ್ತಿನ ತನಕ ತೆರೆದೇ ಇರಲಿಲ್ಲ, ಮಿಕ್ಸ್ ಮಾಡುವಾಗ ಅದರ ಗುಂಡಿ ಕೆಳಗೇ ಇತ್ತು. ಅದರಲ್ಲಿ ಬಾಗಿಲು ಕಿರುಗುಟ್ಟುತ್ತೆ, ನಾಯಿ ಬೊಗಳುತ್ತೆ, ಯಾರೋ ಚಹಾ ಲೋಟ ಎಣಿಸ್ತಾರೆ. ಮತ್ತೆ, ಅಡುಗೆಮನೆಯ ಹೊಸ್ತಿಲ ಹತ್ತಿರ ಕೂತ ಹೆಂಗಸರು ಹಾಡ್ತಾ ಇದ್ದಾರೆ. ಮಂಡಳಿಯಲ್ಲಿ ಅವರ ಹೆಸರಿಲ್ಲ, ಅವರ ಮುಂದೆ ಮೈಕೂ ಇಟ್ಟಿರಲಿಲ್ಲ. ಗಾಯಕರು ಹೇಳಿದ ಸಾಲನ್ನು ಗುಂಪು ತಿರುಗಿ ಹೇಳುವಾಗ ಅವರು ಅದನ್ನೇ ಹೇಳಲ್ಲ, ಒಂದು ಎಳೆ ಮೇಲಿಂದ ಬೇರೆಯೇ ಧಾಟಿಯಲ್ಲಿ ಮುಗಿಸ್ತಾರೆ, ಬೀಸುಕಲ್ಲಿನ ಪದದ ಧಾಟಿ ಅದು. ಎರಡು ರಾತ್ರಿಯ ಕಡತ, ನಾಲ್ಕು ಗಂಟೆ ಚಿಲ್ಲರೆ. ಅದನ್ನು ಬೇರೆ ಕಾರ್ಡಿಗೆ ಹಾಕಿಕೊಂಡು ಹೋಗಿ ಅವರಿಗೆ ಕೇಳಿಸಿದೆ. ಅವರು ಒಬ್ಬೊಬ್ಬರ ಧ್ವನಿ ಗುರುತು ಹಿಡಿದು ಹೆಸರು ಹೇಳಿದರು. ಆರು ಮಂದಿ. ಅದರಲ್ಲಿ ಇಬ್ಬರು ಈಗಿಲ್ಲ. ಉಳಿದ ನಾಲ್ವರನ್ನು ಬರುವ ದೀಪಾವಳಿ ಮುಗಿದ ಮೇಲೆ, ಈ ಸಲ ಅವರದೇ ಮುಂದೆ ಮೈಕ್ ಇಟ್ಟು, ತುಂಬೋದು ಅಂತ ಮಾತಾಗಿದೆ. ಸೆಲ್ ತರೋದು ನನ್ನ ಪಾಲಿಗೆ ಬಂದಿದೆ.